ಸ್ವಪ್ರಯತ್ನದಿಂದ ಬೆಳೆದ ಕಲಾವಿದ ವಿ. ಶಾಂತಾರಾಮ್

ಜೈನ ಧರ್ಮವು ಪುರುಷಾರ್ಥಕ್ಕೆ, ಅಂದರೆ ಜೀವನು ತಾನೇ ಕೈಗೊಳ್ಳುವ ಪ್ರಯತ್ನಕ್ಕೆ, ಬಹಳ ದೊಡ್ಡ ಸ್ಥಾನವನ್ನು ನೀಡಿದೆ. ಜಿನೇಶ್ವರರು ದಾರಿಯನ್ನು ತೋರಿದ ಮಹಾನುಭಾವರು. ಆ ದಾರಿಯಲ್ಲಿ ಹೆಜ್ಜೆಯಿಡಬೇಕಾದವನು ಜೀವನೇ. ಒಬ್ಬರ ನಡಿಗೆಯನ್ನು ಇನ್ನೊಬ್ಬರು ನಡೆಯಲಾಗದು. ಆತ್ಮೋನ್ನತಿಯ ವಿಷಯದಲ್ಲಿ ಹೇಳಲಾದ ಈ ತತ್ತ್ವವು ವಿದ್ಯೆ, ಉದ್ಯೋಗ, ಕಲೆ ಮೊದಲಾದ ಲೌಕಿಕ ಕ್ಷೇತ್ರಗಳಿಗೂ ಅನ್ವಯಿಸುತ್ತದೆ. ಸಂಪತ್ತಾಗಲಿ, ಉನ್ನತ ವ್ಯಾಸಂಗವಾಗಲಿ, ಹಿರಿಯರ ಶಿಫಾರಸಾಗಲಿ ಬೆನ್ನಿಗಿಲ್ಲದ ಒಬ್ಬ ಬಾಲಕನು ಕೇವಲ ಸ್ವಂತ ಶ್ರಮದಿಂದ ಭಾರತೀಯ ಚಲನಚಿತ್ರ ರಂಗದ ಅಗ್ರಗಣ್ಯರಲ್ಲೊಬ್ಬನಾದ ಕಥೆಯು ಈ ತತ್ತ್ವಕ್ಕೆ ಒಂದು ಉಜ್ವಲ ನಿದರ್ಶನವಾಗಿದೆ. ಆ ಬಾಲಕನೇ ಮುಂದೆ ವಿ. ಶಾಂತಾರಾಮ್ ಎಂದು ಪ್ರಸಿದ್ಧರಾದವರು.

ಹಿಂದೂಪುರ ಮತ್ತು ಕಲ್ಯಾಣದುರ್ಗದ ಜೈನ ಕುಟುಂಬಗಳಿಗೆ ಈ ಜೀವನ ಚರಿತ್ರೆಯು ಅನೇಕ ಕಾರಣಗಳಿಂದ ಹತ್ತಿರವಾದುದು. ಈ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಬೆಳೆದಿವೆ. ವ್ಯಾಪಾರಕ್ಕಾಗಿ ಬಂದು ನೆಲೆಸಿದ ಸಹಧರ್ಮೀಯರು ಮಾರವಾಡಿ, ಗುಜರಾತಿ ನುಡಿಗಳನ್ನೂ ತಂದಿದ್ದಾರೆ. ಮನೆಮಾತು ಬೇರೆಯಾದರೂ ಣಮೋಕಾರ ಮಂತ್ರ ಒಂದೇ ಆಗಿರುವಂತೆ, ಶಾಂತಾರಾಮರ ಕಲೆಯೂ ಭಾಷೆಯ ಗಡಿಗಳನ್ನು ದಾಟಿ ನಿಂತಿತು. ಕೊಲ್ಲಾಪುರದಲ್ಲಿ ಜನಿಸಿ, ಕನ್ನಡ ನಾಡಿನ ಹುಬ್ಬಳ್ಳಿಯಲ್ಲಿ ದುಡಿಮೆಯ ಮೊದಲ ಪಾಠಗಳನ್ನು ಕಲಿತು, ಪುಣೆ ಮತ್ತು ಮುಂಬಯಿಗಳಲ್ಲಿ ಕೀರ್ತಿಯನ್ನು ಗಳಿಸಿದ ಅವರ ಚಿತ್ರಗಳನ್ನು ದೇಶದ ಎಲ್ಲ ಭಾಷೆಯ ಜನರೂ ತಮ್ಮವೆಂದೇ ನೋಡಿದರು.

ಜನನ ಮತ್ತು ಬಾಲ್ಯ

ಶಾಂತಾರಾಮ್ ರಾಜಾರಾಮ್ ವಣಕುದ್ರೆ ಅವರು 1901ರ ನವೆಂಬರ್ 18ರಂದು ಕೊಲ್ಲಾಪುರದಲ್ಲಿ ಜನಿಸಿದರು. ತಂದೆ ರಾಜಾರಾಮ್ ಮರಾಠಿ ಮಾತನಾಡುವ ಜೈನ ಸಮಾಜಕ್ಕೆ ಸೇರಿದವರು. ತಾಯಿ ಕಮಲಾ ಅವರು ಹಿಂದೂ ಮನೆತನದವರು. ಕೊಲ್ಲಾಪುರವು ಶಿಲಾಹಾರರ ಕಾಲದಿಂದಲೂ ಜೈನ ಬಸದಿಗಳಿಗೆ ಹೆಸರಾದ ನಗರ. ಲಕ್ಷ್ಮೀಸೇನ ಭಟ್ಟಾರಕರ ಮಠವಿರುವ ಈ ನಗರಕ್ಕೂ ಕನ್ನಡ ನಾಡಿನ ಜೈನರಿಗೂ ಶತಮಾನಗಳ ಸಂಬಂಧವುಂಟು. ಶಾಂತಾರಾಮರು ಜನಿಸಿದ ಕಾಲದಲ್ಲಿ ಅಲ್ಲಿ ಆಳುತ್ತಿದ್ದವರು ಛತ್ರಪತಿ ಶಾಹು ಮಹಾರಾಜರು. ಕುಸ್ತಿ, ಸಂಗೀತ, ನಾಟಕ, ಚಿತ್ರಕಲೆಗಳಿಗೆ ಅವರು ನೀಡಿದ ಆಶ್ರಯದಿಂದ ನಗರದ ವಾತಾವರಣವೇ ಕಲಾಮಯವಾಗಿತ್ತು.

ಕಲೆಯ ಗಾಳಿ ಸುತ್ತಲೂ ಬೀಸುತ್ತಿದ್ದರೂ ಶಾಂತಾರಾಮರ ಮನೆಯಲ್ಲಿ ಅನುಕೂಲತೆಯಿರಲಿಲ್ಲ. ಶಾಲಾ ವ್ಯಾಸಂಗವು ಹೆಚ್ಚು ದೂರ ಸಾಗಲಿಲ್ಲ. ಆ ಕಾಲದಲ್ಲಿ ನಾಟಕದವರನ್ನು ಗೃಹಸ್ಥರು ಗೌರವದಿಂದ ಕಾಣುತ್ತಿರಲಿಲ್ಲ. ಚಲನಚಿತ್ರವಂತೂ ಭಾರತಕ್ಕೆ ಆಗತಾನೇ ಬಂದ ಹೊಸ ವಿದ್ಯೆ. ಓದು ನಿಂತ ಬಡ ಹುಡುಗನು ಒಂದು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ನೆಲೆಯೂರುವುದೇ ಜಾಣತನವೆಂದು ಲೋಕವು ಎಣಿಸುತ್ತಿತ್ತು. ಆ ಎಣಿಕೆಯ ಒಳಗೆ ಕಲಾವಿದನೊಬ್ಬನಿಗೆ ಸ್ಥಳವೇ ಇರಲಿಲ್ಲ.

ನಾಟಕ ಮಂಡಳಿಯ ಮೂಲೆಯಲ್ಲಿ

ಮರಾಠಿ ರಂಗಭೂಮಿಯ ಇತಿಹಾಸದಲ್ಲಿ ಗಂಧರ್ವ ನಾಟಕ ಮಂಡಳಿಯ ಹೆಸರು ಸುವರ್ಣಾಕ್ಷರಗಳಲ್ಲಿ ಬರೆಯತಕ್ಕದ್ದು. ಬಾಲಗಂಧರ್ವ, ಗೋವಿಂದರಾವ್ ಟೇಂಬೆ ಮತ್ತು ಗಣಪತರಾವ್ ಬೋಡಸ್ ಅವರು 1913ರಲ್ಲಿ ಇದನ್ನು ಸ್ಥಾಪಿಸಿದರು. ಸ್ತ್ರೀಪಾತ್ರಗಳಲ್ಲಿ ಬಾಲಗಂಧರ್ವರ ರೂಪ ಮತ್ತು ಗಾಯನಗಳಿಗೆ ಮರಾಠಿ ನಾಡಷ್ಟೇ ಅಲ್ಲ, ಉತ್ತರ ಕರ್ನಾಟಕವೂ ಮನಸೋತಿತ್ತು. 1914ರಲ್ಲಿ ಬಾಲಕ ಶಾಂತಾರಾಮನು ಈ ಮಂಡಳಿಯನ್ನು ಸೇರಿದನು. ಆದರೆ ಅಂತಹ ಮಹಾನ್ ಗಾಯಕರ ನಡುವೆ ಹದಿಮೂರರ ಹುಡುಗನಿಗೆ ದೊರೆತುದು ಸಣ್ಣಪುಟ್ಟ ಪಾತ್ರಗಳು ಮತ್ತು ರಂಗದ ಹಿಂದಿನ ಚಿಲ್ಲರೆ ಕೆಲಸಗಳು ಮಾತ್ರ. ಸಂಗೀತ ನಾಟಕದ ಆ ಯುಗದಲ್ಲಿ ಹಾಡುಗಾರಿಕೆಯೇ ನಟನ ಬಂಡವಾಳ. ಆ ಬಂಡವಾಳವಿಲ್ಲದವನಿಗೆ ಮುಂದಿನ ದಾರಿ ಕಾಣುತ್ತಿರಲಿಲ್ಲ. ಸುಮಾರು ಒಂದು ವರ್ಷದ ಬಳಿಕ ಆತನು ಮಂಡಳಿಯನ್ನು ಬಿಟ್ಟು ಹಿಂದಿರುಗಬೇಕಾಯಿತು.

ಕಲಾಜೀವನದ ಮೊದಲ ಹೆಜ್ಜೆಯೇ ಹೀಗೆ ಹಿಂದಕ್ಕೆ ಬಂದಾಗ ಅನೇಕರು ಆ ದಾರಿಯನ್ನೇ ತೊರೆಯುತ್ತಾರೆ. ಶಾಂತಾರಾಮರು ಅಲ್ಲಿಂದ ಬರಿಗೈಯಲ್ಲಿ ಬರಲಿಲ್ಲ. ಪರದೆ ಏಳುವ ಹೊತ್ತಿನ ಶಿಸ್ತು, ಬೆಳಕಿನ ಪ್ರಭಾವ, ವೇಷಭೂಷಣದ ಔಚಿತ್ಯ, ಪ್ರೇಕ್ಷಕರ ನಾಡಿಮಿಡಿತ ಇವೆಲ್ಲವನ್ನೂ ರಂಗದ ಪಕ್ಕದಲ್ಲಿ ನಿಂತು ಕಣ್ತುಂಬಿಕೊಂಡಿದ್ದರು. ಆ ಒಂದು ವರ್ಷದ ನೋಟವು ಮುಂದೆ ಅವರಿಗೆ ದೊಡ್ಡ ಆಸ್ತಿಯಾಯಿತು.

ಹುಬ್ಬಳ್ಳಿಯ ದಿನಗಳು

ಮುಂದೆ ಜೀವನೋಪಾಯವನ್ನು ಅರಸಿ ಅವರು ಹುಬ್ಬಳ್ಳಿಗೆ ಬಂದರು. ಮದರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆಯ ದೊಡ್ಡ ಕಾರ್ಯಾಗಾರವು ಅಲ್ಲಿತ್ತು. ಹಿಂದೂಪುರದ ಮೂಲಕ ಹಾದುಹೋಗುವ ಗುಂತಕಲ್ಲು–ಬೆಂಗಳೂರು ಮಾರ್ಗವನ್ನೂ ಆಗ ನಡೆಸುತ್ತಿದ್ದುದು ಇದೇ ರೈಲ್ವೆ. ಯೌವನದ ಹೊಸ್ತಿಲಿನಲ್ಲಿದ್ದ ಶಾಂತಾರಾಮರು ಆ ಕಾರ್ಯಾಗಾರದಲ್ಲಿ ಕೆಲಸಕ್ಕೆ ಸೇರಿದರು. ಕಬ್ಬಿಣ, ಎಣ್ಣೆ, ಹೊಗೆಗಳ ನಡುವಿನ ಆ ದುಡಿಮೆಗೂ ಕಲೆಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಮುಂದೆ ಕ್ಯಾಮೆರಾ, ಕ್ರೇನ್, ಪ್ರಯೋಗಾಲಯಗಳ ಯಂತ್ರಗಳನ್ನು ತಮ್ಮ ಕೈಯ ಸಾಧನಗಳಂತೆ ಬಳಸಿದ ನಿರ್ದೇಶಕನಿಗೆ ಯಂತ್ರದೊಂದಿಗಿನ ಈ ಮೊದಲ ಪರಿಚಯ ವ್ಯರ್ಥವಾಗಿರಲಾರದು.

ಅದೇ ಹುಬ್ಬಳ್ಳಿಯಲ್ಲಿ ತಗಡಿನ ಹೊದಿಕೆಯ ಒಂದು ಚಿತ್ರಮಂದಿರವಿತ್ತು. ಶಾಂತಾರಾಮರು ಅಲ್ಲಿ ಮೊದಲು ಸಂಬಳವಿಲ್ಲದೆಯೇ ಹೇಳಿದ ಕೆಲಸಗಳನ್ನೆಲ್ಲ ಮಾಡಿದರು. ಆಮೇಲೆ ತಿಂಗಳಿಗೆ ಐದು ರೂಪಾಯಿ ಸಂಬಳದ ಮೇಲೆ ಬಾಗಿಲು ಕಾಯುವ ಕೆಲಸ ದೊರೆಯಿತು. ಪ್ರೇಕ್ಷಕರ ಟಿಕೆಟು ನೋಡಿ ಒಳಗೆ ಬಿಡುವುದು, ಆಟ ಮುಗಿದ ಮೇಲೆ ಬಾಗಿಲು ತೆರೆಯುವುದು ಆ ಕೆಲಸದ ಸ್ವರೂಪ. ಲೋಕದ ದೃಷ್ಟಿಯಲ್ಲಿ ಇದಕ್ಕಿಂತ ಕಿರಿದಾದ ಉದ್ಯೋಗ ಇರಲಾರದು. ಆದರೆ ಬಾಗಿಲಲ್ಲಿ ನಿಂತವನಿಗೆ ಒಳಗಿನ ಬೆಳ್ಳಿತೆರೆಯೂ ಕಾಣುತ್ತದೆ, ಅದನ್ನು ನೋಡುವ ಜನರ ಮುಖವೂ ಕಾಣುತ್ತದೆ. ದಾದಾಸಾಹೇಬ್ ಫಾಲ್ಕೆಯವರ ಮೂಕಿಚಿತ್ರಗಳನ್ನು ಅವರು ಈ ದಿನಗಳಲ್ಲಿ ಮತ್ತೆ ಮತ್ತೆ ನೋಡಿದರು. ಬಿಡುವಿನಲ್ಲಿ ಛಾಯಾಚಿತ್ರ ತೆಗೆಯುವುದನ್ನೂ ನಾಮಫಲಕ ಬರೆಯುವುದನ್ನೂ ಅಭ್ಯಾಸ ಮಾಡಿದರು. ಯಾವ ಕಲಾಶಾಲೆಯ ಮೆಟ್ಟಿಲನ್ನೂ ತುಳಿಯದ ಅವರಿಗೆ ಹುಬ್ಬಳ್ಳಿಯ ತಗಡಿನ ಚಾವಣಿಯೇ ಕಲಾಶಾಲೆಯಾಯಿತು.

ಬಾಬುರಾವ್ ಪೇಂಟರರ ಗರಡಿಯಲ್ಲಿ

ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಎಂಬ ಪ್ರತಿಭಾಶಾಲಿ ಕಲಾವಿದರು ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ನಡೆಸುತ್ತಿದ್ದರು. ಬಾಬುರಾವ್ ಅವರೂ ಸ್ವಂತ ಪ್ರಯತ್ನದಿಂದ ಬೆಳೆದವರೇ. ನಾಟಕದ ಪರದೆಗಳನ್ನು ಬರೆಯುತ್ತಿದ್ದ ಅವರು ಚಲನಚಿತ್ರದ ಕ್ಯಾಮೆರಾವನ್ನು ಇಲ್ಲಿಯೇ ತಯಾರಿಸುವ ಸಾಹಸ ಮಾಡಿದ್ದರು. ಶಾಂತಾರಾಮರ ಬಂಧು ಬಾಬುರಾವ್ ಪೆಂಢಾರಕರ್ ಅವರು ಆ ಕಂಪನಿಯಲ್ಲಿದ್ದರು. ಅವರ ಮೂಲಕ 1920ರಲ್ಲಿ ಶಾಂತಾರಾಮರಿಗೆ ಅಲ್ಲಿ ಪ್ರವೇಶ ದೊರೆಯಿತು.

ಪ್ರವೇಶ ದೊರೆತರೂ ಪೀಠ ದೊರೆಯಲಿಲ್ಲ. ಕೆಳಮಟ್ಟದ ಕೆಲಸಗಳಿಂದಲೇ ಅವರ ಸೇವೆ ಆರಂಭವಾಯಿತು. ಸಾಮಾನು ಸಾಗಿಸುವವರಿಗೆ ಕೈಜೋಡಿಸಿದರು, ದೃಶ್ಯಸಜ್ಜಿಕೆಗೆ ನೆರವಾದರು, ಫಿಲ್ಮು ತೊಳೆಯುವ ಪ್ರಯೋಗಾಲಯದಲ್ಲಿ ದುಡಿದರು, ಸಂಕಲನವನ್ನು ಕಲಿತರು, ಕ್ಯಾಮೆರಾದ ಚಮತ್ಕಾರಗಳನ್ನು ಅರಿತರು. 1921ರ ‘ಸುರೇಖಾ ಹರಣ’ದಲ್ಲಿ ಅವರು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು. 1925ರ ‘ಸಾವಕಾರಿ ಪಾಶ’ದಲ್ಲಿ ಸಾಲದ ಸುಳಿಗೆ ಸಿಲುಕಿ ಭೂಮಿಯನ್ನು ಕಳೆದುಕೊಳ್ಳುವ ರೈತನ ಪಾತ್ರ ಅವರದಾಯಿತು. ಪುರಾಣ ಕಥೆಗಳೇ ಚಿತ್ರಗಳಾಗುತ್ತಿದ್ದ ಆ ಕಾಲದಲ್ಲಿ ರೈತನ ಕಣ್ಣೀರನ್ನು ತೆರೆಗೆ ತಂದ ಆ ಚಿತ್ರವು ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. 1927ರಲ್ಲಿ ‘ನೇತಾಜಿ ಪಾಲಕರ್’ ಚಿತ್ರದ ನಿರ್ದೇಶನದ ಹೊಣೆ ಅವರಿಗೆ ಬಂದಿತು. ಏಳು ವರ್ಷಗಳ ಕಾಲ ಎಲ್ಲ ವಿಭಾಗಗಳಲ್ಲಿಯೂ ಕೈಕೆಸರು ಮಾಡಿಕೊಂಡ ಮೇಲೆ ಬಂದ ಹೊಣೆಯದು.

ಪ್ರಭಾತದ ಉದಯ

1929ರಲ್ಲಿ ಶಾಂತಾರಾಮರು ವಿಷ್ಣುಪಂತ ದಾಮ್ಲೆ, ಎಸ್. ಫತ್ತೇಲಾಲ್, ಕೇಶವರಾವ್ ಧೈಬರ್ ಮತ್ತು ಸೀತಾರಾಮಪಂತ ಕುಲಕರ್ಣಿ ಅವರೊಂದಿಗೆ ಸೇರಿ ಕೊಲ್ಲಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಜಾತಿ ಮತಗಳಲ್ಲಿ ಭಿನ್ನರಾದ ಐವರು ಒಂದೇ ಕುಟುಂಬದಂತೆ ದುಡಿದರು. ತುತ್ತೂರಿಯನ್ನು ಊದುವ ಸ್ತ್ರೀಯ ಚಿತ್ರವೇ ಆ ಸಂಸ್ಥೆಯ ಲಾಂಛನ.

ಮಾತನಾಡುವ ಚಿತ್ರಗಳ ಯುಗ ಬಂದಾಗ, 1932ರಲ್ಲಿ, ಶಾಂತಾರಾಮರು ‘ಅಯೋಧ್ಯೇಚಾ ರಾಜಾ’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಸತ್ಯ ಹರಿಶ್ಚಂದ್ರನ ಕಥೆಯುಳ್ಳ ಇದು ಮರಾಠಿಯ ಮೊದಲ ವಾಕ್ಚಿತ್ರವೆಂದು ಪ್ರಸಿದ್ಧವಾಗಿದೆ. ಇದನ್ನು ಮರಾಠಿ ಮತ್ತು ಹಿಂದಿ ಎರಡೂ ಭಾಷೆಗಳಲ್ಲಿ ತಯಾರಿಸಲಾಯಿತು. ಮುಂದೆ ಪ್ರಭಾತದ ಅನೇಕ ಚಿತ್ರಗಳು ಇದೇ ರೀತಿ ಎರಡು ಭಾಷೆಗಳಲ್ಲಿ ರೂಪುಗೊಂಡವು. ‘ಸೀತಾ ಕಲ್ಯಾಣಂ’ ಎಂಬ ತಮಿಳು ಚಿತ್ರವೂ ಪ್ರಭಾತದಲ್ಲಿ ತಯಾರಾಯಿತು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ ಕೂಡ ಕೊಲ್ಲಾಪುರದ ಇನ್ನೊಂದು ಸ್ಟುಡಿಯೋದಲ್ಲಿ ಚಿತ್ರಿತವಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

‘ಅಯೋಧ್ಯೇಚಾ ರಾಜಾ’ದಲ್ಲಿ ಹರಿಶ್ಚಂದ್ರನ ಪಾತ್ರವನ್ನು ವಹಿಸಿ ಸಂಗೀತವನ್ನೂ ನೀಡಿದವರು ಗೋವಿಂದರಾವ್ ಟೇಂಬೆ. ಹದಿನೆಂಟು ವರ್ಷಗಳ ಹಿಂದೆ ಶಾಂತಾರಾಮನೆಂಬ ಹುಡುಗನು ಸಣ್ಣ ಪಾತ್ರಗಳಿಗಾಗಿ ಕಾದು ನಿಂತ ಮಂಡಳಿಯ ಸ್ಥಾಪಕರಲ್ಲಿ ಅವರೊಬ್ಬರು. 1935ರಲ್ಲಿ ಸ್ವತಃ ಬಾಲಗಂಧರ್ವರೇ ಶಾಂತಾರಾಮರ ನಿರ್ದೇಶನದಲ್ಲಿ ‘ಧರ್ಮಾತ್ಮಾ’ ಚಿತ್ರದ ಸಂತ ಏಕನಾಥರ ಪಾತ್ರವನ್ನು ಅಭಿನಯಿಸಿದರು. ಅಸ್ಪೃಶ್ಯತೆಯನ್ನು ಖಂಡಿಸುವ ಈ ಚಿತ್ರಕ್ಕೆ ಮೊದಲು ‘ಮಹಾತ್ಮಾ’ ಎಂಬ ಹೆಸರಿತ್ತು. ಆ ಹೆಸರಿನಲ್ಲಿ ಗಾಂಧೀಜಿಯವರ ಛಾಯೆಯನ್ನು ಕಂಡ ಬ್ರಿಟಿಷ್ ಕಾಲದ ಸೆನ್ಸಾರಿನ ಆಕ್ಷೇಪಣೆಯಿಂದ ಹೆಸರು ಬದಲಾಯಿತು. ತನಗೆ ಎತ್ತರದ ಸ್ಥಾನ ದೊರೆಯದಿದ್ದ ಮಂಡಳಿಯ ಹಿರಿಯರನ್ನು ಶಾಂತಾರಾಮರು ಗೌರವದಿಂದ ಕರೆದು ಮುಖ್ಯ ಪಾತ್ರಗಳಲ್ಲಿ ನಿಲ್ಲಿಸಿದರು. ಕ್ಷಮೆಯು ವೀರರ ಭೂಷಣವೆಂದು ಪರ್ಯೂಷಣದ ದಿನಗಳಲ್ಲಿ ಕೇಳುವ ಮಾತು ಇಲ್ಲಿ ಕೃತಿಯ ರೂಪದಲ್ಲಿ ಕಾಣುತ್ತದೆ.

ಸೋಲಿನಿಂದ ಕಲಿತ ಪಾಠ

1933ರಲ್ಲಿ ಶಾಂತಾರಾಮರು ‘ಸೈರಂಧ್ರಿ’ ಚಿತ್ರವನ್ನು ಬಣ್ಣದಲ್ಲಿ ಹೊರತರಲು ಸಾಹಸಪಟ್ಟರು. ಅದರ ಸಂಸ್ಕರಣಕ್ಕಾಗಿ ಜರ್ಮನಿಗೆ ತೆರಳಿದರು. ಆದರೆ ಬಣ್ಣಗಳು ನಿರೀಕ್ಷಿಸಿದಂತೆ ಮೂಡಿಬರಲಿಲ್ಲ. ಸಂಸ್ಥೆಗೆ ನಷ್ಟವೂ ಅವರಿಗೆ ನಿರಾಶೆಯೂ ಉಂಟಾದವು. ಆದರೂ ಅವರು ಜರ್ಮನಿಯ ಸ್ಟುಡಿಯೋಗಳಲ್ಲಿ ನೆರಳು ಬೆಳಕುಗಳ ಪ್ರಯೋಗವನ್ನೂ ಹೊಸ ಮಸೂರಗಳ ಉಪಯೋಗವನ್ನೂ ಗಮನವಿಟ್ಟು ಅಧ್ಯಯನ ಮಾಡಿ ಮರಳಿದರು. ಅಷ್ಟರಲ್ಲಿ ಪ್ರಭಾತ್ ಸಂಸ್ಥೆಯು ಪುಣೆಗೆ ಸ್ಥಳಾಂತರಗೊಂಡಿತ್ತು. ಹೊಸ ಸ್ಟುಡಿಯೋದಲ್ಲಿ 1934ರಲ್ಲಿ ತಯಾರಾದ ‘ಅಮೃತ ಮಂಥನ’ವು ಆ ಸೋಲಿಗೆ ದೊರೆತ ಉತ್ತರವಾಯಿತು.

ಬಲಿಪದ್ಧತಿಯ ವಿರುದ್ಧ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ‘ಅಮೃತ ಮಂಥನ’ದ ಕಥೆಯನ್ನು ವಿಶೇಷವಾಗಿ ಗಮನಿಸಬೇಕು. ನಾರಾಯಣ ಹರಿ ಆಪ್ಟೆಯವರ ಕಾದಂಬರಿಯೊಂದನ್ನು ಆಧರಿಸಿದ ಈ ಚಿತ್ರದಲ್ಲಿ ಕ್ರಾಂತಿವರ್ಮನೆಂಬ ಅರಸನು ತನ್ನ ರಾಜ್ಯದಲ್ಲಿ ದೇವಿಗೆ ಕೊಡುತ್ತಿದ್ದ ನರಬಲಿ ಮತ್ತು ಪ್ರಾಣಿಬಲಿಗಳನ್ನು ನಿಷೇಧಿಸುತ್ತಾನೆ. ಬಲಿಯಿಂದಲೇ ತನ್ನ ಅಧಿಕಾರವನ್ನು ಕಾಯ್ದುಕೊಂಡಿದ್ದ ರಾಜಗುರುವು ಕೆರಳಿ, ಅರಸನ ಕೊಲೆಗೆ ಸಂಚು ಹೂಡುತ್ತಾನೆ. ರಾಜಗುರುವಿನ ಕ್ರೂರ ಕಣ್ಣನ್ನು ತೆರೆಯ ತುಂಬ ತೋರಿಸುವ ದೃಶ್ಯಕ್ಕಾಗಿ ಶಾಂತಾರಾಮರು ದೂರದ ವಸ್ತುವನ್ನು ಸಮೀಪಕ್ಕೆ ತರುವ ಟೆಲಿಫೋಟೋ ಮಸೂರವನ್ನು ಬಳಸಿದರು. ಆ ಕಣ್ಣನ್ನು ನೋಡಿದವರಿಗೆ ಹಿಂಸೆಯ ಮುಖವನ್ನೇ ನೋಡಿದಂತಾಗುತ್ತಿತ್ತು.

ಕನ್ನಡ ಜೈನ ಸಾಹಿತ್ಯವನ್ನು ಬಲ್ಲವರಿಗೆ ಇಲ್ಲಿ ಜನ್ನ ಕವಿಯ ‘ಯಶೋಧರ ಚರಿತೆ’ಯು ನೆನಪಿಗೆ ಬರುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯೂ ಜೀವನನ್ನು ಭವಭವಗಳಲ್ಲಿ ಅಲೆಸುತ್ತದೆಯೆಂದು ಆ ಕಾವ್ಯವು ಸಾರುತ್ತದೆ. ಎರಡು ಕಥೆಗಳೂ ಬೇರೆ ಬೇರೆ. ಆದರೆ ಹದಿಮೂರನೆಯ ಶತಮಾನದಲ್ಲಿ ಕಾವ್ಯವು ಮಾಡಿದ ಕಾರ್ಯವನ್ನು ಇಪ್ಪತ್ತನೆಯ ಶತಮಾನದಲ್ಲಿ ಬೆಳ್ಳಿತೆರೆಯು ಮುಂದುವರಿಸಿತೆಂದು ಹೇಳಿದರೆ ತಪ್ಪಾಗದು. ಕಲ್ಯಾಣದುರ್ಗಕ್ಕೆ ಸಮೀಪದ ಕಂಬದೂರಿನ ಪ್ರಾಚೀನ ಬಸದಿಗಳೂ, ಕುಂದಕುಂದಾಚಾರ್ಯರ ನೆಲೆಯೆಂದು ಸಂಪ್ರದಾಯವು ಹೇಳುವ ಕೊನಕೊಂಡ್ಲದ ಬೆಟ್ಟವೂ ಈ ಸೀಮೆಯಲ್ಲಿಯೇ ಇವೆ. ಶಿಲೆಯಲ್ಲಿ ನಿಂತ ಉಪದೇಶವು ಯಾತ್ರೆಗೆ ಬಂದವರನ್ನು ತಲುಪುತ್ತದೆ. ಚಿತ್ರವಾಗಿ ಬಂದ ಉಪದೇಶವು ಓದು ಬರಹ ತಿಳಿಯದವರ ಊರಿಗೂ ತಾನೇ ಹೋಗುತ್ತದೆ. ‘ಅಮೃತ ಮಂಥನ’ವು ಇಪ್ಪತ್ತೈದು ವಾರಗಳ ಕಾಲ ಪ್ರದರ್ಶನಗೊಂಡು ರಜತೋತ್ಸವವನ್ನು ಆಚರಿಸಿತು.

ಸಮಾಜದ ಕನ್ನಡಿ

ಅನಂತರದ ವರ್ಷಗಳಲ್ಲಿ ಶಾಂತಾರಾಮರ ದೃಷ್ಟಿಯು ಸಮಾಜದ ನೋವುಗಳ ಕಡೆಗೆ ಹೊರಳಿತು. 1937ರ ‘ಕುಂಕೂ’, ಅಂದರೆ ಹಿಂದಿಯ ‘ದುನಿಯಾ ನ ಮಾನೇ’, ವೃದ್ಧನಿಗೆ ಮೋಸದಿಂದ ಮದುವೆ ಮಾಡಿಕೊಡಲ್ಪಟ್ಟ ಯುವತಿಯು ಆ ಅನ್ಯಾಯವನ್ನು ಒಪ್ಪದೆ ಎದುರು ನಿಲ್ಲುವ ಕಥೆ. ಶಾಂತಾ ಆಪ್ಟೆಯವರು ಆ ಪಾತ್ರಕ್ಕೆ ಜೀವ ತುಂಬಿದರು. 1939ರ ‘ಮಾಣೂಸ್’ ಚಿತ್ರದಲ್ಲಿ ಒಬ್ಬ ಪೊಲೀಸ್ ಪೇದೆಯು ಸಮಾಜವು ಹೊರಗಿಟ್ಟ ಹೆಣ್ಣಿಗೆ ಗೌರವದ ಬಾಳನ್ನು ನೀಡಲು ಹೆಣಗುತ್ತಾನೆ. 1941ರ ‘ಶೇಜಾರಿ’, ಅಂದರೆ ಹಿಂದಿಯ ‘ಪಡೋಸಿ’, ಹಿಂದೂ ಮತ್ತು ಮುಸಲ್ಮಾನ ನೆರೆಹೊರೆಯವರ ಸ್ನೇಹದ ಕಥೆ. ಹಿಂದಿ ಆವೃತ್ತಿಯಲ್ಲಿ ಹಿಂದೂವಿನ ಪಾತ್ರವನ್ನು ಮಜಹರ್ ಖಾನ್ ಅವರಿಗೂ, ಮುಸಲ್ಮಾನನ ಪಾತ್ರವನ್ನು ಗಜಾನನ ಜಾಗೀರದಾರರಿಗೂ ವಹಿಸಿ ಅವರು ತಮ್ಮ ಆಶಯವನ್ನು ಪಾತ್ರಹಂಚಿಕೆಯಲ್ಲಿಯೇ ತೋರಿಸಿಕೊಟ್ಟರು.

1942ರಲ್ಲಿ ಅವರು ಪ್ರಭಾತದಿಂದ ಹೊರಬಂದು ಮುಂಬಯಿಯ ಪರೇಲಿನಲ್ಲಿ ರಾಜಕಮಲ ಕಲಾಮಂದಿರವನ್ನು ಸ್ಥಾಪಿಸಿದರು. ತಂದೆ ರಾಜಾರಾಮ್ ಮತ್ತು ತಾಯಿ ಕಮಲಾ ಇವರ ಹೆಸರುಗಳು ಸೇರಿ ‘ರಾಜಕಮಲ’ವಾಯಿತು. ಬಡತನದಲ್ಲಿ ತನ್ನನ್ನು ಬೆಳೆಸಿದ ತಂದೆತಾಯಿಯರಿಗೆ ಮಗನು ಸಲ್ಲಿಸಿದ ಕಾಣಿಕೆಯದು. 1946ರ ‘ಡಾ. ಕೋಟ್ನೀಸ್ ಕೀ ಅಮರ ಕಹಾನೀ’ ಚಿತ್ರದಲ್ಲಿ, ಚೀನಾದೇಶದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ಪ್ರಾಣಬಿಟ್ಟ ಸೊಲ್ಲಾಪುರದ ವೈದ್ಯ ದ್ವಾರಕಾನಾಥ ಕೋಟ್ನೀಸರ ಪಾತ್ರವನ್ನು ಶಾಂತಾರಾಮರೇ ವಹಿಸಿದರು. 1950ರ ‘ದಹೇಜ್’ ಚಿತ್ರವು ವರದಕ್ಷಿಣೆಯ ಕ್ರೌರ್ಯವನ್ನು ಬಯಲಿಗೆಳೆಯಿತು. 1955ರ ‘ಝನಕ್ ಝನಕ್ ಪಾಯಲ್ ಬಾಜೇ’ ಶಾಸ್ತ್ರೀಯ ನೃತ್ಯವನ್ನು ವರ್ಣಮಯವಾಗಿ ತೆರೆಗೆ ತಂದಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಜರ್ಮನಿಯಲ್ಲಿ ಕೈಕೊಟ್ಟ ಬಣ್ಣವು ಈಗ ಅವರಿಗೆ ಒಲಿದಿತ್ತು.

ಆದಿನಾಥನೆಂಬ ಜೈಲಧಿಕಾರಿ

1957ರಲ್ಲಿ ತೆರೆಕಂಡ ‘ದೋ ಆಂಖೇಂ ಬಾರಹ್ ಹಾಥ್’ ಶಾಂತಾರಾಮರ ಕಲಾಜೀವನದ ಶಿಖರ. ಕೊಲೆ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸುತ್ತಿರುವ ಆರು ಕೈದಿಗಳನ್ನು ಒಬ್ಬ ಜೈಲಧಿಕಾರಿಯು ಸೆರೆಮನೆಯ ಗೋಡೆಗಳಿಂದ ಹೊರಗೆ, ಒಂದು ಪಾಳುಭೂಮಿಗೆ ಕರೆತರುತ್ತಾನೆ. ಬೇಡಿಗಳಿಲ್ಲ, ಕಾವಲುಗಾರರಿಲ್ಲ, ಇರುವುದು ವಿಶ್ವಾಸವೊಂದೇ. ಕೊಲೆಗೆ ಎತ್ತಿದ ಹನ್ನೆರಡು ಕೈಗಳು ನೇಗಿಲು ಹಿಡಿದು ಬಂಜರು ನೆಲದಲ್ಲಿ ತರಕಾರಿ ಬೆಳೆಯುತ್ತವೆ. ಕೊನೆಗೆ ಆ ಅಧಿಕಾರಿಯು ಅವರನ್ನೂ ಅವರ ಬೆಳೆಯನ್ನೂ ಕಾಪಾಡುವುದರಲ್ಲಿ ಪ್ರಾಣವನ್ನರ್ಪಿಸುತ್ತಾನೆ. ಅಪರಾಧಿಯನ್ನು ದ್ವೇಷಿಸದೆ ಅಪರಾಧವನ್ನು ಮಾತ್ರ ಕಳೆಯಬೇಕೆಂಬ ಸಂದೇಶವು ಈ ಕಥೆಯ ಹೃದಯ. ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ನಡೆದ ಬಯಲು ಬಂದೀಖಾನೆಯ ನಿಜವಾದ ಪ್ರಯೋಗವೇ ಇದಕ್ಕೆ ಪ್ರೇರಣೆ.

ಶಾಂತಾರಾಮರೇ ಅಭಿನಯಿಸಿದ ಆ ಜೈಲಧಿಕಾರಿಯ ಹೆಸರು ಆದಿನಾಥ. ಪ್ರಥಮ ತೀರ್ಥಂಕರರಾದ ಆದಿನಾಥ ಸ್ವಾಮಿಯು ಗೃಹಸ್ಥಾವಸ್ಥೆಯಲ್ಲಿ ದಿಕ್ಕುಗಾಣದ ಪ್ರಜೆಗಳಿಗೆ ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಬೋಧಿಸಿ ಬದುಕುವ ದಾರಿಯನ್ನು ತೋರಿದ ವೃತ್ತಾಂತವು ‘ಆದಿಪುರಾಣ’ವನ್ನು ಕೇಳಿದ ಪ್ರತಿಯೊಂದು ಮನೆಗೂ ಪರಿಚಿತವಾದುದು. ದಾರಿ ತಪ್ಪಿದ ಆರು ಜನರಿಗೆ ಕೃಷಿಯನ್ನು ಕಲಿಸಿ ಮನುಷ್ಯರನ್ನಾಗಿ ಮಾಡಿದ ಪಾತ್ರಕ್ಕೆ ಆ ಹೆಸರು ಎಷ್ಟು ಒಪ್ಪುತ್ತದೆಂಬುದನ್ನು ಜೈನ ಪ್ರೇಕ್ಷಕರಿಗೆ ವಿವರಿಸಬೇಕಾಗಿಲ್ಲ. ಅನಂತಪುರದ ಬಳಿಯ ರೆಡ್ಡಿಪಲ್ಲಿಯಲ್ಲಿ ಕೈದಿಗಳ ಕೃಷಿ ಕಾಲೊನಿಯೊಂದು ಸ್ಥಾಪಿತವಾಗಿರುವುದನ್ನು ಈ ಭಾಗದ ಅನೇಕರು ಬಲ್ಲರು. ಭೂಮಿಯೂ ದುಡಿಮೆಯೂ ವಿಶ್ವಾಸವೂ ಮನುಷ್ಯನನ್ನು ತಿದ್ದಬಲ್ಲವೆಂಬ ತತ್ತ್ವವು ಕೇವಲ ಚಿತ್ರದ ಕಲ್ಪನೆಯಲ್ಲವೆಂಬುದಕ್ಕೆ ಇಂತಹ ಬಯಲು ಬಂದೀಖಾನೆಗಳೇ ಸಾಕ್ಷಿ.

ಈ ಚಿತ್ರಕ್ಕಾಗಿ ಗೂಳಿಯೊಡನೆ ಹೋರಾಡುವ ದೃಶ್ಯದಲ್ಲಿ ಅಭಿನಯಿಸುವಾಗ ಶಾಂತಾರಾಮರ ಕಣ್ಣುಗಳಿಗೆ ತೀವ್ರ ಪೆಟ್ಟು ಬಿದ್ದಿತು. ಕೆಲಕಾಲ ಅವರು ಕತ್ತಲೆಯಲ್ಲಿಯೇ ಕಳೆಯಬೇಕಾಯಿತು. ನೋಟವೇ ಬದುಕಾಗಿದ್ದ ಕಲಾವಿದನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆಯಿಲ್ಲ. ದೃಷ್ಟಿ ಮರಳಿದ ಮೇಲೆ, ಆ ಕತ್ತಲೆಯ ಅನುಭವದಿಂದಲೇ ಒಂಬತ್ತು ಬಣ್ಣಗಳ ಹೆಸರನ್ನು ಹೊತ್ತ ‘ನವರಂಗ್’ ಚಿತ್ರವು 1959ರಲ್ಲಿ ಮೂಡಿಬಂದಿತು.

‘ದೋ ಆಂಖೇಂ ಬಾರಹ್ ಹಾಥ್’ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. 1958ರ ಬರ್ಲಿನ್ ಚಿತ್ರೋತ್ಸವದಲ್ಲಿ ರಜತ ಕರಡಿ ಪ್ರಶಸ್ತಿಯೂ, ಅಮೆರಿಕದ ಗೋಲ್ಡನ್ ಗ್ಲೋಬ್ ಸಮಾರಂಭದಲ್ಲಿ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಪ್ರಶಸ್ತಿಯೂ ಅದಕ್ಕೆ ಲಭಿಸಿದವು. ಐದು ರೂಪಾಯಿ ಸಂಬಳಕ್ಕೆ ಹುಬ್ಬಳ್ಳಿಯಲ್ಲಿ ಬಾಗಿಲು ಕಾಯುತ್ತಿದ್ದವರ ಕಲೆಗೆ ಪ್ರಪಂಚದ ದೊಡ್ಡ ಬಾಗಿಲುಗಳೇ ತೆರೆದುಕೊಂಡವು.

ಕೊನೆಯ ವರ್ಷಗಳು

1964ರಲ್ಲಿ ಶಿಲ್ಪಕಲೆಯ ಹಿನ್ನೆಲೆಯುಳ್ಳ ‘ಗೀತ್ ಗಾಯಾ ಪತ್ಥರೋಂ ನೇ’, 1972ರಲ್ಲಿ ಮರಾಠಿಯ ‘ಪಿಂಜರಾ’ ಮೊದಲಾದ ಚಿತ್ರಗಳನ್ನು ಅವರು ನೀಡಿದರು. 1987ರ ‘ಝಾಂಝರ್’ ಅವರ ಕೊನೆಯ ಚಿತ್ರ. ಅವರ ಉತ್ತರಾರ್ಧದ ಚಿತ್ರಗಳಲ್ಲಿ ವೈಭವವು ಹೆಚ್ಚಾಗಿ, ಹಿಂದಿನ ಚಿತ್ರಗ��ಲ್ಲಿದ್ದ ಸಾಮಾಜಿಕ ಕಳಕಳಿ ಕಡಿಮೆಯಾಯಿತೆಂದು ವಿಮರ್ಶಕರು ಹೇಳಿದ್ದುಂಟು. ಅವರ ಸಂಸಾರ ಜೀವನದಲ್ಲಿಯೂ ಏರಿಳಿತಗಳಿದ್ದವು. ಅವರನ್ನು ವ್ರತಿಯೆಂದೋ ಆದರ್ಶ ಶ್ರಾವಕನೆಂದೋ ಚಿತ್ರಿಸುವ ಅಗತ್ಯವಿಲ್ಲ. ಅವರು ಕಲಾವಿದರು; ಅವರ ಶ್ರಮವೇ ಅವರ ತಪಸ್ಸು.

1985ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಶಾಂತಾರಾಮರಿಗೆ ಸಂದಿತು. ಹುಬ್ಬಳ್ಳಿಯ ತಗಡಿನ ಚಿತ್ರಮಂದಿರದಲ್ಲಿ ಯಾರ ಚಿತ್ರಗಳನ್ನು ನೋಡಿ ಅವರು ಈ ಕಲೆಗೆ ಮನಸೋತರೋ ಆ ಮಹನೀಯರ ಹೆಸರಿನ ಪ್ರಶಸ್ತಿಯದು. 1990ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಅವರು ದೇಹತ್ಯಾಗ ಮಾಡಿದರು. 1992ರಲ್ಲಿ ಭಾರತ ಸರ್ಕಾರವು ಮರಣೋತ್ತರವಾಗಿ ಪದ್ಮವಿಭೂಷಣವನ್ನು ಪ್ರದಾನ ಮಾಡಿತು. 2001ರಲ್ಲಿ, ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಅಂಚೆ ಇಲಾಖೆಯು ಅವರ ಸ್ಮರಣೆಯ ಅಂಚೆಚೀಟಿಯನ್ನು ಹೊರತಂದಿತು. ಪುಣೆಯಲ್ಲಿ ಪ್ರಭಾತ್ ಸ್ಟುಡಿಯೋ ಇದ್ದ ಆವರಣದಲ್ಲಿ 1960ರಲ್ಲಿ ಸ್ಥಾಪಿತವಾದ ಫಿಲ್ಮ್ ಸಂಸ್ಥೆಯು ದೇಶದ ಎಲ್ಲ ಭಾಷೆಗಳ ಯುವಜನರಿಗೆ ಚಿತ್ರಕಲೆಯ ಶಿಕ್ಷಣ ನೀಡುತ್ತ ಬಂದಿದೆ. ಯಾವ ಶಾಲೆಯೂ ದೊರೆಯದಿದ್ದವನು ದುಡಿದ ನೆಲವೇ ಶಾಲೆಯಾದುದು ಸಂತೋಷದ ಸಂಗತಿ.

ಕುಟುಂಬಗಳಿಗೆ ಒಂದು ವಿಚಾರ

ವ್ಯಾಪಾರ ವ್ಯವಹಾರಗಳಲ್ಲಿ ತೊಡಗಿರುವ ಕುಟುಂಬಗಳಲ್ಲಿ ಮಕ್ಕಳು ಚಿತ್ರ ಬರೆಯುವುದನ್ನೋ ಹಾಡುವುದನ್ನೋ ಇಷ್ಟಪಟ್ಟರೆ, ಅದರಿಂದ ಹೊಟ್ಟೆ ತುಂಬುವುದೇ ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಯಲ್ಲಿ ಹೆತ್ತವರ ಪ್ರೀತಿಯೂ ಇದೆ, ಆತಂಕವೂ ಇದೆ. ಶಾಂತಾರಾಮರ ಜೀವನವು ಆ ಆತಂಕವನ್ನು ಸುಳ್ಳೆಂದು ಹೇಳುವುದಿಲ್ಲ. ಅವರು ರೈಲ್ವೆ ಕಾರ್ಯಾಗಾರದಲ್ಲಿಯೂ ದುಡಿದರು, ಬಾಗಿಲನ್ನೂ ಕಾಯ್ದರು. ಅನ್ನದ ದುಡಿಮೆಯನ್ನು ಕೀಳೆಂದು ಎಣಿಸಲಿಲ್ಲ. ಆದರೆ ಆ ದುಡಿಮೆಯ ನಡುವೆ ಕಲಿಯುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಕಲೆಯೆಂದರೆ ಸೋಮಾರಿತನವೆಂದು ಭಾವಿಸುವವರಿಗೂ, ಕಲಾವಿದನಾಗಲು ಶ್ರಮ ಬೇಡವೆಂದು ಭಾವಿಸುವ ಯುವಕರಿಗೂ ಅವರ ಬದುಕು ಸಮಾನವಾಗಿ ಉತ್ತರ ಕೊಡುತ್ತದೆ.

ಇನ್ನೊಂದು ಮಾತೂ ಮನನಯೋಗ್ಯವಾದುದು. ತಾನು ನಿರಾಕರಣೆಯನ್ನು ಅನುಭವಿಸಿದ ಕಾರಣದಿಂದಲೋ ಏನೋ, ಅವರು ತಮ್ಮ ಶ್ರೇಷ್ಠ ಚಿತ್ರಗಳಲ್ಲಿ ಲೋಕವು ಹೊರಗಟ್ಟಿದವರ ಪಕ್ಷವನ್ನೇ ವಹಿಸಿದರು. ಬಲಿಪೀಠದ ಮೂಕಪ್ರಾಣಿ, ಸಾಲದ ರೈತ, ಮೋಸಹೋದ ವಧು, ಊರು ದೂರವಿಟ್ಟ ಸ್ತ್ರೀ, ಬೇಡಿ ತೊಟ್ಟ ಕೈದಿ ಇವರೆಲ್ಲರಿಗೂ ಅವರ ತೆರೆಯ ಮೇಲೆ ಗೌರವದ ಸ್ಥಾನ ದೊರೆಯಿತು. ಪರಸ್ಪರೋಪಗ್ರಹವೇ ಜೀವರ ಧರ್ಮವೆಂಬ ಜಿನವಾಣಿಯು ಲೌಕಿಕ ಕಲೆಯಲ್ಲಿ ಫಲಿಸಿದರೆ ಅದು ಹೀಗೆಯೇ ಕಾಣಬೇಕು. ಉತ್ಸವದ ಈ ಶುಭ ಸಂದರ್ಭದಲ್ಲಿ, ಯಾವ ಭಾಷೆಯ ಮನೆಯಲ್ಲಿಯೇ ಆಗಲಿ, ಮೂಲೆಯಲ್ಲಿ ಕುಳಿತು ಬಣ್ಣದ ಕಡ್ಡಿಯನ್ನು ಹಿಡಿದಿರುವ ಮಗುವಿಗೆ ಹಿರಿಯರಿಂದ ಒಂದು ಪ್ರೋತ್ಸಾಹದ ಮಾತು ದೊರೆಯಲಿ. ಆ ಮಗುವಿನಲ್ಲಿ ಶ್ರಮದ ನಿಷ್ಠೆಯೂ ಜೀವದಯೆಯೂ ಬೆಳೆಯಲಿ.